ಸಹಾಯ ಬೇಕು: ಈ ವ್ಯಂಗ್ಯಚಿತ್ರದ ಪಾರಿವಾಳಕ್ಕೆ ಏನರ್ಥ?

ಎಲ್ಲರಿಗೂ ನಮಸ್ಕಾರ. ಶಸ್ತ್ರಾಸ್ತ್ರ ವ್ಯಾಪಾರದ ಬಗೆಗಿನ ಒಂದು ರಾಜಕೀಯ ವ್ಯಂಗ್ಯಚಿತ್ರಕ್ಕೆ ವಿವರಣೆ ಬರೀಬೇಕು, ಒಂದು ಕಡೆ ಸಿಕ್ಕಿಹಾಕ್ಕೊಂಡಿದ್ದೀನಿ. ಇಬ್ಬರು ಸೈನಿಕರು ಎದುರುಬದುರು ಬಂದೂಕು ಹಿಡಿದು ನಿಂತಿದ್ದಾರೆ. ಎರಡೂ ಬಂದೂಕಿಗೆ ಒಂದೇ ಅಂಗಡಿಯ ಬೆಲೆ ಚೀಟಿ. ನಡುವೆ ಕೋಟು ತೊಟ್ಟ ದಪ್ಪ ವ್ಯಾಪಾರಿ, ಮುಖದ ತುಂಬಾ ದುಃಖ, ಕೈಯಲ್ಲಿ ಬಿಳಿ ಪಾರಿವಾಳ. ಅದರ ಕಾಲಿಗೂ ಅದೇ ಚೀಟಿ ಕಟ್ಟಿದೆ, ಆದ್ರೆ ಬೆಲೆ ಬರೆದಿಲ್ಲ, ಖಾಲಿ!

ಬಂದೂಕಿನ ವಿಷಯ ಗೊತ್ತಾಯ್ತು. 1980–88ರ ಇರಾನ್–ಇರಾಕ್ ಯುದ್ಧದಲ್ಲಿ ಚೀನಾ ಎರಡೂ ಕಡೆಗೂ ಆಯುಧ ಮಾರಿತ್ತು, ಆ ಉದಾಹರಣೆ ಬರೆದೆ. ವ್ಯಾಪಾರಿ ಅಂದ್ರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಕಾಯಂ ಸದಸ್ಯ ರಾಷ್ಟ್ರಗಳು ಅಂತಾನೂ ಯೋಚಿಸಿ ನೋಡಿದೆ; ಶಾಂತಿ ಕಾಯಬೇಕಾದವರೇ ದೊಡ್ಡ ಮಾರಾಟಗಾರರಲ್ವಾ. ಆದ್ರೂ ಖಾಲಿ ಚೀಟಿ ಮಾತ್ರ ತಾಳೆ ಆಗ್ತಿಲ್ಲ. ಸ್ನೇಹಿತರನ್ನ ಕೇಳಿದ್ರೆ "ಯುದ್ಧ ಕೆಟ್ಟದ್ದು ಅಂತ ಬರಿ, ಸಾಕು" ಅಂತಾರೆ. ಅಷ್ಟು ಹೇಳೋಕೆ ಚಿತ್ರ ಯಾಕೆ ಬೇಕಿತ್ತು!

ನನ್ನ ಪ್ರಶ್ನೆ ಇಷ್ಟೇ: ಖಾಲಿ ಚೀಟಿ ಅಂದ್ರೆ ಶಾಂತಿಯಲ್ಲಿ ಲಾಭ ಇಲ್ಲ, ಹಾಗಾಗಿ ಅವನು ಅದನ್ನ ಮಾರೋದೇ ಇಲ್ಲ ಅಂತಾನಾ? ಇಲ್ಲಾ, ಇಬ್ಬರೂ ಸೋತು ಸುಣ್ಣ ಆದ್ಮೇಲೆ ಶಾಂತಿಗೂ ಬೆಲೆ ಕಟ್ತಾನೆ ಅಂತಾನಾ? ಚಿತ್ರದ ಯಾವ ವಿವರ ನೋಡಿ ಹಾಗೆ ಹೇಳ್ತೀರಿ ಅನ್ನೋದನ್ನೂ ದಯವಿಟ್ಟು ತಿಳಿಸಿ.