6 ಅಡಿ ಟ್ಯಾಂಕ್, 4 ಆಸ್ಕರ್ ಮೀನು: ಕ್ಯಾನಿಸ್ಟರ್ ಸಾಕೇ, ಸಂಪ್ ಬೇಕೇ?

ಪ್ರಶ್ನೆ: ತುಮಕೂರಿನ ಮನೆಯಲ್ಲಿ 6×2×2 ಅಡಿ ಟ್ಯಾಂಕ್ ಮಾಡಿಸುತ್ತಿದ್ದೇನೆ. ಗಾಜು ಇನ್ನೂ ಅಂಟಿಸಿಲ್ಲ. 4 ಆಸ್ಕರ್ ಸಾಕುವ ಯೋಚನೆ. ಬೋರ್‌ವೆಲ್ ನೀರು, ದಿನಕ್ಕೆ 2-3 ಗಂಟೆ ಕರೆಂಟ್ ಇರಲ್ಲ. ಗಂಟೆಗೆ 2000 ಲೀಟರಿನ 2 ಕ್ಯಾನಿಸ್ಟರ್ (ಮುಚ್ಚಿದ ಡಬ್ಬಿಯ ಫಿಲ್ಟರ್) ಹಾಕಿಕೊಳ್ಳಿ ಅಂತ ಅಂಗಡಿಯವರು ಹೇಳಿದ್ದಾರೆ. ಸಾಕಾಗುತ್ತಾ ಸರ್?

ಉತ್ತರ (ಅಕ್ವೇರಿಯಂ ನಿರ್ವಹಣೆ): ಗಾಜು ಅಂಟಿಸುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಸಂಪ್ ಮಾಡಿಸಿ. ಅಂಗಳದ ನೀರಿನ ಸಂಪ್ ಅಲ್ಲ, ಸ್ಟ್ಯಾಂಡಿನ ಕೆಳಗೆ ಇಡುವ ಫಿಲ್ಟರ್ ಟ್ಯಾಂಕ್. ಮೇಲಿನ ನೀರು ಇಳಿಪೈಪಿನಲ್ಲಿ ಇದಕ್ಕೆ ಇಳಿದು, ಪಂಪಿನಿಂದ ವಾಪಸ್ ಪೈಪಿನಲ್ಲಿ ಮೇಲೆ ಹೋಗುತ್ತದೆ.

ನಿಮ್ಮ ಟ್ಯಾಂಕಿನ ಲೆಕ್ಕ 24 ಘನ ಅಡಿ, ಅಂದರೆ 680 ಲೀಟರ್. ಮೇಲೆ 2 ಇಂಚು ಬಿಟ್ಟು, ಕಲ್ಲುಮರಳು ಕಳೆದರೆ ನೀರು 600 ಲೀಟರ್ ಆಸುಪಾಸು. ಆಸ್ಕರ್ ತಿನ್ನುವುದೂ ಜಾಸ್ತಿ, ಹೊಲಸು ಮಾಡುವುದೂ ಜಾಸ್ತಿ. ಹಾಗಾಗಿ ಗಂಟೆಗೆ 6 ಸುತ್ತು, 3600 ಲೀಟರ್ ನಿಜವಾಗಿ ಹರಿಯಬೇಕು. ಕ್ಯಾನಿಸ್ಟರ್ ಡಬ್ಬಿಯ ಮೇಲಿನ 2000 ಖಾಲಿ ಡಬ್ಬಿಯ ಲೆಕ್ಕ. ಮೀಡಿಯಾ (ಬ್ಯಾಕ್ಟೀರಿಯಾ ಕೂರುವ ರಿಂಗ್, ಕಲ್ಲು, ಸ್ಪಾಂಜ್) ತುಂಬಿ, ಸ್ಪಾಂಜ್‌ನಲ್ಲಿ ಕೊಳೆ ಕೂತ ಮೇಲೆ ಅಷ್ಟು ಬರುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಕರೆಂಟ್. ಕ್ಯಾನಿಸ್ಟರ್ ಮುಚ್ಚಿದ ಡಬ್ಬಿ. ಹರಿವು ನಿಂತರೆ ಒಳಗಿನ ಬ್ಯಾಕ್ಟೀರಿಯಾ (ಮೀನಿನ ಹೊಲಸಿನ ಅಮೋನಿಯವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವವು) ಇದ್ದಬದ್ದ ಆಮ್ಲಜನಕವನ್ನು ಮುಗಿಸಿ ಸಾಯತೊಡಗುತ್ತವೆ, ಕೊಳೆ ಕೊಳೆಯುತ್ತದೆ. ಕರೆಂಟ್ ಬಂದ ಕೂಡಲೇ ಆ ಕೆಟ್ಟ ನೀರು ನೇರವಾಗಿ ಮೀನಿನ ಮೇಲೆ ಬರುತ್ತದೆ. ಸಂಪ್ ತೆರೆದೇ ಇರುತ್ತದೆ, ಬ್ಯಾಟರಿ ಏರ್ ಪಂಪಿನ ಒಂದು ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಇಟ್ಟರೆ ಬ್ಯಾಕ್ಟೀರಿಯಾ ಬದುಕಿರುತ್ತವೆ.

ಅಳತೆ: 4×1.5×1.5 ಅಡಿ. ನೀರು 10 ಇಂಚು ಮಾತ್ರ ನಿಲ್ಲಲಿ, ಸುಮಾರು 140 ಲೀಟರ್. ಮೇಲಿನ 8 ಇಂಚು ಖಾಲಿ ಬಿಡುವುದು ಸುಮ್ಮನೆ ಅಲ್ಲ. ಮೇಲಿನ ಟ್ಯಾಂಕಿನ 1 ಇಂಚು ನೀರು ಅಂದರೆ 28 ಲೀಟರ್. ಪಂಪ್ ನಿಂತಾಗ ವಾಪಸ್ ಪೈಪಿನ ಬಾಯಿ ಎಷ್ಟು ಆಳದಲ್ಲಿದೆಯೋ ಅಷ್ಟು ನೀರು ಸೈಫನ್ ಆಗಿ ಕೆಳಗೆ ಬರುತ್ತದೆ. ಪೈಪ್ 6 ಇಂಚು ಮುಳುಗಿದ್ದರೆ 168 ಲೀಟರ್ ಕೆಳಗೆ ಬಂದು, ಸಂಪ್ ತುಂಬಿ ಉಳಿದದ್ದು ನೆಲದ ಮೇಲೆ! ಬಾಯಿ 1 ಇಂಚಿಗಿಂತ ಆಳ ಬೇಡ. ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಪೈಪಿಗೆ 5 ಮಿ.ಮೀ. ತೂತು ಹಾಕಿ (ಗಾಳಿ ಒಳಹೋಗಿ ಸೈಫನ್ ನಿಲ್ಲುತ್ತದೆ), ಪಾಚಿ ಕಟ್ಟದಂತೆ ತಿಂಗಳಿಗೊಮ್ಮೆ ನೋಡಿ. ನಾನ್‌ರಿಟರ್ನ್ ವಾಲ್ವ್ ಒಂದನ್ನೇ ನಂಬಬೇಡಿ, ಒಂದು ಕಸ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ.

ಇಳಿಪೈಪ್ ಒಂದೂವರೆ ಇಂಚಿನದು ಎರಡು, ಅವಕ್ಕಿಂತ ಸ್ವಲ್ಪ ಎತ್ತರದಲ್ಲಿ ತುರ್ತಿಗೆ ಮೂರನೆಯದು. ಮೂರನೆಯದಕ್ಕೆ ವಾಲ್ವ್ ಬೇಡವೇ ಬೇಡ. ಗಾಜಿನವರಿಗೆ ಈಗಲೇ ತೂತು ಹಾಕಲು ಹೇಳಿ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಾದರೆ ಆಮೇಲೆ ತೂತು ಹಾಕಲಾಗದು, ಪುಡಿಪುಡಿ ಆಗುತ್ತದೆ.

ಪಂಪ್ ಕೊಳ್ಳುವಾಗ 4 ಅಡಿ ಎತ್ತರಕ್ಕೆ ಎಷ್ಟು ಎತ್ತುತ್ತದೆ ಎಂದು ಕೇಳಿ, ಡಬ್ಬಿಯ ಮೇಲಿನ ಅಂಕಿ ನೋಡಬೇಡಿ.

ಮರುಪ್ರಶ್ನೆ: ಒಳಗೆ ಏನೇನು ಹಾಕಲಿ? ಕಾರ್ಬನ್, ಯುವಿ (ಅತಿನೇರಳೆ) ದೀಪ ಬೇಕಾ?

ಉತ್ತರ: ನೀರು ಇಳಿಯುವ ಕಡೆ ಒರಟು ಸ್ಪಾಂಜ್, ಆಮೇಲೆ ನುಣ್ಣನೆಯದು, ಕೊನೆಗೆ ಫಿಲ್ಟರ್ ಹತ್ತಿ. ಹತ್ತಿಯನ್ನು ವಾರಕ್ಕೊಮ್ಮೆ ಬದಲಿಸಿ. ಮುಂದಿನ ಕೋಣೆಯಲ್ಲಿ 20-25 ಲೀಟರ್ ಸೆರಾಮಿಕ್ ರಿಂಗ್ ಅಥವಾ ಲಾವಾ ಕಲ್ಲು. ತಳಕ್ಕೆ ತಾಗಬಾರದು, ಜಾಲರಿ ಮೇಲೆ 1 ಇಂಚು ಎತ್ತರಿಸಿ, ಕೆಳಗೆ ಏರ್ ಸ್ಟೋನ್ ಇಡಿ. ಕೊನೆಯದು ಪಂಪಿನ ಕೋಣೆ. ಸ್ಪಾಂಜ್ ತೊಳೆಯುವುದು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ. ನಲ್ಲಿಯ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ರಿಂಗ್‌ಗಳನ್ನು ಸುಮ್ಮಸುಮ್ಮನೆ ಕೈಹಾಕಿ ತೊಳೆಯಬೇಡಿ. ಕಾರ್ಬನ್ ಸದಾ ಬೇಡ, ಮೀನಿಗೆ ಔಷಧಿ ಹಾಕಿದ ಮೇಲೆ ನೀರಿನಲ್ಲಿ ಉಳಿದ ಔಷಧಿಯನ್ನು ತೆಗೆಯಲು ಸಾಕು. ಯುವಿ ಮುಖ್ಯವಾಗಿ ಹಸಿರು ನೀರಿಗೆ, ಅಮೋನಿಯ ತೆಗೆಯುವುದಿಲ್ಲ.

ಇನ್ನೊಬ್ಬರ ಉತ್ತರ (ನೀರಿನ ಪರೀಕ್ಷೆ): ಸಂಪ್ ವಿಷಯ ಒಪ್ಪುತ್ತೇನೆ. ಗಿಡಗಳ ಟ್ಯಾಂಕಿಗೆ ಮಾತ್ರ ನಾನು ಕ್ಯಾನಿಸ್ಟರ್ ಅನ್ನುತ್ತೇನೆ, ಸಂಪಿಗೆ ಬೀಳುವ ನೀರು, ಗಿಡಗಳಿಗೆಂದು ಕೊಟ್ಟ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕಿಬಿಡುತ್ತದೆ. ಆಸ್ಕರ್‌ಗೆ ಆ ಚಿಂತೆ ಇಲ್ಲ.

ಮೀನು ತರುವ ಮೊದಲು ಬೋರ್‌ವೆಲ್ ನೀರಿನ ನೈಟ್ರೇಟ್ ಪರೀಕ್ಷಿಸಿ. ಕುಡಿಯುವ ನೀರಿಗೆ ಭಾರತೀಯ ಮಾನದಂಡ ಲೀಟರಿಗೆ 45 ಮಿ.ಗ್ರಾಂ. ಬೋರ್‌ನಲ್ಲೇ ಅದರ ಹತ್ತಿರ ಇದ್ದರೆ ನೀರು ಬದಲಿಸಿದರೂ ಟ್ಯಾಂಕಿನದು ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ; ಆಗ ಸಂಪಿನಲ್ಲಿ ಮನಿ ಪ್ಲಾಂಟ್ ಬೇರು ಬಿಡಿ. ಗಡಸು ನೀರೆಂದು ಪೂರ್ತಿ ಆರ್‌ಒ ನೀರಿಗೆ ಹೋಗಬೇಡಿ. 1 ಗ್ರಾಂ ಅಮೋನಿಯ ನೈಟ್ರೋಜನ್ ನೈಟ್ರೇಟ್ ಆಗಲು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಸುಮಾರು 7 ಗ್ರಾಂ ಕ್ಷಾರೀಯತೆ (ಪಿಎಚ್ ಕುಸಿಯದಂತೆ ತಡೆಯುವ ಅಂಶ, ಆರ್‌ಒ ನೀರಿನಲ್ಲಿ ತೀರಾ ಕಡಿಮೆ) ಖರ್ಚಾಗುತ್ತದೆ. ಅದು ಮುಗಿದರೆ ಪಿಎಚ್ ಕುಸಿದು ಫಿಲ್ಟರ್ ಕೆಲಸವೇ ನಿಲ್ಲುತ್ತದೆ. ಆದರೆ ಪಿಎಚ್ 8ರಲ್ಲಿ ಅಮೋನಿಯ ಹೆಚ್ಚು ವಿಷ, ಆದ್ದರಿಂದ ಹೊಸ ಫಿಲ್ಟರಿಗೆ ಮೀನು ಬಿಡಲು ಆತುರ ಬೇಡ.

ಮೀನಿಲ್ಲದೆಯೇ ಫಿಲ್ಟರಿನ ಬ್ಯಾಕ್ಟೀರಿಯಾ ಬೆಳೆಸಲು, ಟ್ಯಾಂಕ್ ಮತ್ತು ಸಂಪ್ ಸೇರಿ ಒಟ್ಟು 740 ಲೀಟರಿಗೆ 5 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಹಾಕಿದರೆ ಅಮೋನಿಯ ಸುಮಾರು 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ.) ಆಗುತ್ತದೆ. ಅದು 24 ಗಂಟೆಯಲ್ಲಿ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ಬಂದ ದಿನ ಫಿಲ್ಟರ್ ಸಿದ್ಧ. 4-6 ವಾರ ಹಿಡಿಯುತ್ತದೆ.

ಮರುಪ್ರಶ್ನೆ: ಮನೆಯ ಇನ್ವರ್ಟರ್‌ಗೆ ಪಂಪ್ ಕೊಡಬಹುದಾ?

ಉತ್ತರ (ಅಕ್ವೇರಿಯಂ ನಿರ್ವಹಣೆ): ಸೈನ್ ವೇವ್ ಆದರೆ ಕೊಡಿ. ಸ್ಕ್ವೇರ್ ವೇವ್‌ನಲ್ಲಿ ಎಸಿ ಪಂಪ್ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ಅದೇ ಇದ್ದರೆ ಪಂಪ್ ಬಿಡಿ, ಎರಡು ಬಾಯಿಯ ಬ್ಯಾಟರಿ ಏರ್ ಪಂಪ್ ತನ್ನಿ: ಒಂದು ಟ್ಯೂಬ್ ಟ್ಯಾಂಕಿಗೆ, ಇನ್ನೊಂದು ರಿಂಗ್‌ಗಳ ಕೆಳಗೆ. ಮತ್ತೆ, ಮೀನು ಬಿಡುವ ಮೊದಲೇ ಪಂಪಿನ ಸ್ವಿಚ್ ಆರಿಸಿ ಅರ್ಧ ಗಂಟೆ ಸಂಪ್ ನೋಡಿ. ತುಳುಕಿದರೆ ಸಂಪಿನ ನೀರು ತೆಗೆದು, ಪಂಪ್ ಮತ್ತೆ ಓಡಿಸಿ, ಇನ್ನೊಮ್ಮೆ ಆರಿಸಿ ನೋಡಿ. ತುಳುಕದೆ ನಿಂತ ಮೇಲೆ ಪಂಪ್ ಓಡುವಾಗಿನ ಮಟ್ಟಕ್ಕೆ ಮಾರ್ಕರ್ ಗೆರೆ ಎಳೆಯಿರಿ. ಆವಿಯಾದ ನೀರು ತುಂಬಿಸುವಾಗ ಆ ಗೆರೆ ದಾಟಬಾರದು.