ಕೆಜಿಎಫ್‌ನ ಸೈನೈಡ್ ದಿಬ್ಬಗಳ ಜಾಗ ಮತ್ತೆ ಬಳಕೆಗೆ ಬರಬಹುದೇ?

ಪ್ರಶ್ನೆ
ನಾನು ಕೆಜಿಎಫ್‌ನ (ಕೋಲಾರ ಚಿನ್ನದ ಗಣಿ ಪ್ರದೇಶ) ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಯೊಂದರಲ್ಲಿ ಹುಟ್ಟಿ ಬೆಳೆದವನು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮವರು ದುಡಿಮೆಗಾಗಿ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಿದ್ದಾರೆ. ಅದಿರನ್ನು ಪುಡಿಮಾಡಿ ಸೈನೈಡ್‌ನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ರಾಶಿಗಳು, ಅಂದರೆ ಸೈನೈಡ್ ದಿಬ್ಬಗಳು, ಊರಿನ ಸುತ್ತ ಹಾಗೆಯೇ ನಿಂತಿವೆ. ಆಷಾಢದ ಗಾಳಿ ಬೀಸಿದರೆ ಹರವಿದ ಬಟ್ಟೆಯ ಮಡಿಕೆಗಳಲ್ಲೂ ನೀರಿನ ಕೊಡದ ಕಂಠದ ಸುತ್ತಲೂ ಬೂದುಬಣ್ಣದ ನುಣುಪು ಪುಡಿ ಕೂರುತ್ತದೆ. 13 ದಿಬ್ಬಗಳಿಂದ ಉಳಿದ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಕೆಲಸ ಮುಗಿದ ಮೇಲೆ ಅಲ್ಲಿ ಬೇಸಾಯವನ್ನೋ ಕಾರ್ಖಾನೆಯನ್ನೋ ಮಾಡಲಾದೀತೇ?

ಉತ್ತರ 1
ಹೆಸರಿನಲ್ಲಿ ಸೈನೈಡ್ ಇದ್ದರೂ ದೀರ್ಘಕಾಲದ ತೊಂದರೆ ಅದೊಂದರಿಂದಲೇ ಅಲ್ಲ. ಬಿಡಿ ಸೈನೈಡ್ ಬಿಸಿಲು ಗಾಳಿಗೆ ಕ್ರಮೇಣ ಒಡೆದುಹೋಗುತ್ತದೆ. ಕಬ್ಬಿಣದೊಂದಿಗೆ ಸೇರಿದ್ದು ಮಾತ್ರ ಬಹುಕಾಲ ಉಳಿಯುತ್ತದೆ. ಆರ್ಸೆನಿಕ್‌ನಂತಹ ಮೂಲವಸ್ತು ಒಡೆಯುವುದೇ ಇಲ್ಲ. ಇಲ್ಲಿನ ಚಿನ್ನದ ಪದರಗಳಲ್ಲಿ ಒಂದಾದ ಚಾಂಪಿಯನ್ ಪದರದ ಅದಿರು ಬಹುಪಾಲು ಬೆಣಚುಕಲ್ಲು, ಆದರೆ ಪಶ್ಚಿಮ ದಿಕ್ಕಿನ ಪದರಗಳಲ್ಲಿ ಸಲ್ಫೈಡ್ (ಗಂಧಕ ಸೇರಿದ ಖನಿಜ) ಹೆಚ್ಚು. ಸಲ್ಫೈಡ್ ಗಾಳಿ ನೀರು ಸೋಕಿದರೆ ಆಮ್ಲವಾಗುತ್ತದೆ, ಆ ಆಮ್ಲ ಲೋಹಗಳನ್ನು ಕರಗಿಸಿ ಕೆಳಕ್ಕೆ ಇಳಿಸಬಲ್ಲದು. ಆದ್ದರಿಂದ ಒಂದು ದಿಬ್ಬದ ಪರೀಕ್ಷೆಯನ್ನು ಇನ್ನೊಂದಕ್ಕೆ ಅನ್ವಯಿಸಬಾರದು. ಇನ್ನು ಬೆಣಚುಕಲ್ಲಿನ ಪುಡಿಯಾದ ನುಣುಪು ಸಿಲಿಕಾ ಧೂಳು ಶ್ವಾಸಕೋಶಕ್ಕೆ ಮಾಡುವ ಹಾನಿಯನ್ನು ಗಣಿ ಕುಟುಂಬಗಳಿಗೆ ಬೇರೆ ಹೇಳಬೇಕಾಗಿಲ್ಲ.

ಉತ್ತರ 2
ಚಿನ್ನ ತೆಗೆದ ಮಾತ್ರಕ್ಕೆ ಜಾಗ ಶುದ್ಧವಾಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕೆನಿಸುತ್ತದೆ. ಅಲ್ಲಿರುವ ಮಣ್ಣು ಸುಮಾರು 3.3 ಕೋಟಿ ಟನ್; ಒಂದು ಟನ್ನಿಗೆ ಚಿನ್ನ ಒಂದು ಗ್ರಾಮಿನ ಆಸುಪಾಸು. ಅಂದರೆ ತೆಗೆದ ಮೇಲೂ ಹೆಚ್ಚುಕಡಿಮೆ ಅಷ್ಟೇ ಮಣ್ಣು ಉಳಿಯುತ್ತದೆ, ಅದನ್ನು ತಳಕ್ಕೆ ಹಾಳೆ ಹಾಸಿದ ಹೊಸ ಕೊಳದಲ್ಲಿ ಇಡಬೇಕಾಗುತ್ತದೆ. ಜೋಹಾನ್ಸ್‌ಬರ್ಗ್‌ನಲ್ಲಿ ಇಂತಹ ದಿಬ್ಬಗಳನ್ನು ನೀರಿನ ರಭಸದಿಂದ ಕರಗಿಸಿ, ಕೆಸರನ್ನು ಕೊಳವೆಗಳಲ್ಲಿ ಒಯ್ದು ಮರುಸಂಸ್ಕರಿಸುತ್ತಾರೆ. ದಿಬ್ಬ ಕರಗಿದರೂ ಅದರ ಬುಡದ ನೆಲ ಕಲುಷಿತವಾಗಿಯೇ ಉಳಿಯಬಹುದು. ಆದ್ದರಿಂದ ಆಹಾರ ಬೆಳೆ ಬೇಡವೆಂದೇ ನನ್ನ ಅಭಿಪ್ರಾಯ. ಖಾಲಿಯಾದ ಜಾಗದ ಮೇಲೆ ಒಳ್ಳೆಯ ಮಣ್ಣು ಹೊದಿಸಿ, ಸೋಲಾರ್ ಫಲಕಗಳನ್ನೋ ಉಗ್ರಾಣಗಳನ್ನೋ ಕಟ್ಟಬಹುದು. ಅಲ್ಲಿಯವರೆಗೆ ಇಳಿಜಾರಿನಲ್ಲಿ ಲಾವಂಚ ನೆಟ್ಟರೆ ಆಳಕ್ಕಿಳಿಯುವ ಬೇರು ಮಣ್ಣನ್ನು ಹಿಡಿಯುತ್ತದೆ, ಆದರೆ ಆ ಹುಲ್ಲನ್ನು ದನಗಳಿಗೆ ಹಾಕಬಾರದು.

ಉತ್ತರ 3
ನಾನು ಕೆಜಿಎಫ್‌ನದೇ ಮಾರಿಕುಪ್ಪಂ ಕಡೆಯವಳು. ಯಂತ್ರಗಳು ದಿಬ್ಬವನ್ನು ಅಗೆಯತೊಡಗಿದರೆ ಈಗ ಗಟ್ಟಿಯಾಗಿ ಕೂತಿರುವ ಮೇಲ್ಪದರ ಒಡೆದು ಧೂಳು ಇನ್ನಷ್ಟು ಏಳುವ ಭಯ ನಮ್ಮ ಬೀದಿಯವರಿಗಿದೆ. ಆದ್ದರಿಂದ ಗುತ್ತಿಗೆಯ ಪತ್ರದಲ್ಲಿಯೇ ನೀರು ಸಿಂಪಡಿಸುವ ಹೊಣೆಯನ್ನೂ ಕೊನೆಗೆ ನೆಲವನ್ನು ಸರಿಪಡಿಸುವ ಖರ್ಚನ್ನೂ ಬರೆಯಿಸಬೇಕು. ಕೆಲಸ ಶುರುವಾಗುವ ಮುನ್ನವೇ, ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆ ಕಳೆದ ಮೇಲೆ, ತಗ್ಗಿನಲ್ಲಿರುವ ಬಾವಿ ಮತ್ತು ಬೋರ್‌ವೆಲ್‌ಗಳ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲೂ ತಮಿಳಿನಲ್ಲೂ ಬೀದಿಬೀದಿಯಲ್ಲಿ ಅಂಟಿಸಬೇಕು. ಮೊದಲಿನ ಲೆಕ್ಕ ಕೈಯಲ್ಲಿಲ್ಲದಿದ್ದರೆ ನಾಳೆ ನೀರು ಕೆಟ್ಟಿತೆಂದು ನಾವು ಯಾವ ಆಧಾರದ ಮೇಲೆ ಕೇಳುವುದು?