ದತ್ತು ತಗೊಳ್ಳಾಕ ಎಷ್ಟು ರೊಕ್ಕ ಕೂಡಿಸಿಡಬೇಕು?

ಪ್ರಶ್ನೆ (ಸಿಂಧನೂರು): ತಿಂಗಳಿಗೆ 2,000 ರೂಪಾಯಿ ಉಳಿಸಬಹುದು. ಕಾನೂನು ಪ್ರಕಾರ ಕೂಸನ್ನ ದತ್ತು ತಗೊಳ್ಳಾಕ ಒಟ್ಟು ಎಷ್ಟು ಬೇಕ್ರಿ? ಸಾಲ ಮಾಡಬೇಕಾಗತೈತೇನು?

ಉತ್ತರ (ರಾಯಚೂರು): ಸಾಲ ಬ್ಯಾಡ್ರಿ ಅಕ್ಕಾರ. 2022ರ ದತ್ತು ನಿಯಮಾವಳಿಯಂಗ ಗೃಹ ಅಧ್ಯಯನ ವರದಿಗೆ (ಸಮಾಜ ಕಾರ್ಯಕರ್ತರು ಮನಿಗೆ ಬಂದು ನಿಮ್ಮ ಬಗ್ಗೆ ಬರೆಯೋ ವರದಿ) 6,000, ಮಗುವಿನ ಪಾಲನಾ ನಿಧಿಗೆ 50,000. ಕೂಸು ಮನಿಗೆ ಬಂದಮ್ಯಾಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ನೋಡಾಕ ಬರ್ತಾರ; ಭೇಟಿಗೆ 2,000ದಂಗ ನಾಲ್ಕಕ್ಕ 8,000. ಕೂಡಿಸಿದ್ರ 64,000. ಒಮ್ಮೆಲೇ ಕಟ್ಟೋದಲ್ಲ, ಮೇಲಾಗಿ ಸರದಿ ಬರಾಕ ವರ್ಷಗಟ್ಟಲೆ ಹಿಡಿತೈತಿ.

ಉತ್ತರ (ಕೊಪ್ಪಳ): ಬ್ಯಾಂಕಿನಾಗ 36 ತಿಂಗಳ ಆರ್‌ಡಿ (ತಿಂಗಳಾ ತಿಂಗಳಾ ಕಟ್ಟೋ ಠೇವಣಿ) ಮಾಡ್ರಿ, ಅಸಲೇ 72,000 ಆಗತೈತಿ. ಅಂಚೆ ಕಚೇರಿ ಆರ್‌ಡಿ ಐದು ವರ್ಷದ್ದು. ಮೂರು ವರ್ಷಕ್ಕ ಮುರಿದ್ರ ಉಳಿತಾಯ ಖಾತೆಯ ಬಡ್ಡಿ ಅಷ್ಟ ಸಿಗೋದು. ಮೊದಲಿನ 6,000 ಮಾತ್ರ ಆರ್‌ಡಿಗೆ ಹಾಕದ ಕೈಯಾಗ ಇಟ್ಕೊಳ್ರಿ. ಮಗುವಿನ ಫೋಟೊ, ವೈದ್ಯಕೀಯ ವರದಿ ಬಂದ 48 ಗಂಟೆಯೊಳಗ ಆ ಕೂಸನ್ನ ನಿಮಗಂತ ಕಾಯ್ದಿರಿಸಬೇಕು. ಕೂಸು ಇರೋ ದತ್ತು ಸಂಸ್ಥೆ ದೂರದ ಊರಾಗಿದ್ರ ಹೋಗಿಬರೋ ಖರ್ಚು ಬ್ಯಾರೆ.

ಉತ್ತರ (ಬಳ್ಳಾರಿ): ದವಾಖಾನಿ ಬಾಗಿಲಾಗ ‘ಲಕ್ಷ ಕೊಡ್ರಿ, ಕೂಸು ಕೊಡಿಸ್ತೀವಿ’ ಅನ್ನೋರನ್ನ ದಯವಿಟ್ಟು ನಂಬಬ್ಯಾಡ್ರಿ. ಬಾಲ ನ್ಯಾಯ ಕಾಯ್ದೆಯ 81ನೇ ಕಲಮಿನಾಗ ಮಾರಿದವರಿಗೂ ಕೊಂಡವರಿಗೂ ಐದು ವರ್ಷದತನಕ ಜೈಲು, 1 ಲಕ್ಷ ದಂಡ. ‘ದೇಣಿಗಿ’ ಅಂತ ಸಂಸ್ಥೆಗೂ ಒಂದು ಪೈಸೆ ಹೆಚ್ಚಿಗಿ ಕೊಡಂಗಿಲ್ಲ. ಕಟ್ಟಿದ್ದಕ್ಕೆಲ್ಲ ರಸೀದಿ ಇಸ್ಕೊಳ್ರಿ.